ಎಪಿಕ್ಟೀಟಸ್‌ನ ತರಗತಿ: ಅಭ್ಯಾಸ ಬೋಧನೆಯ ದಿನಗಳಿಗೆ ಸ್ಟೋಯಿಕ್ ದರ್ಶನದ ನೆರವು

ಅಭ್ಯಾಸ ಬೋಧನೆಯ ಎರಡನೆಯ ವಾರ. ಎಂಟನೆಯ ತರಗತಿಯಲ್ಲಿ ಸಮಾಜ ವಿಜ್ಞಾನದ ಪಾಠ. ಪಾಠಯೋಜನೆ ಅಚ್ಚುಕಟ್ಟಾಗಿತ್ತು, ಚಾರ್ಟು, ಭೂಪಟ ಎಲ್ಲವೂ ಸಿದ್ಧವಿದ್ದವು. ಆದರೆ ಪೀಠಿಕಾ ಪ್ರಶ್ನೆಗೆ ನಿರೀಕ್ಷಿಸಿದ ಉತ್ತರ ಬರಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಪ್ರಶಿಕ್ಷಣಾರ್ಥಿಯ ಧ್ವನಿ ಸಣ್ಣದಾಯಿತು, ಮುಖ ಕಪ್ಪುಹಲಗೆಯ ಕಡೆಗೇ ತಿರುಗಿತು. ಮೂರನೆಯ ಬೋಧನಾಂಶ ಮುಗಿಯುವ ಮೊದಲೇ ಗಂಟೆ ಹೊಡೆಯಿತು. ಕೊನೆಯ ಸಾಲಿನಲ್ಲಿ ಕುಳಿತಿದ್ದ ನಾನು ವೀಕ್ಷಣಾ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಹನ್ನೊಂದು ಟಿಪ್ಪಣಿ ಬರೆದಿದ್ದೆ. ಅದನ್ನು ಓದಿದ ಆಕೆ ವರಾಂಡದಲ್ಲಿ ನಿಂತು, "ಮೇಡಂ, ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲ ಅನ್ಸುತ್ತೆ" ಎಂದಳು.

"ಹಾಗೆಲ್ಲ ಅಂದ್ಕೋಬೇಡಮ್ಮ, ನಾಳೆ ಸರಿಹೋಗುತ್ತೆ" ಎಂದು ನಾನು ಹೇಳಿದೆ. ಹೇಳಿದ ಮೇಲೆ ನನಗೇ ಅನ್ನಿಸಿತು, ಇದು ಉತ್ತರವಲ್ಲ. ಪ್ರಶ್ನೆ ಹಾಕುವ ಕೌಶಲ, ಪ್ರಬಲನ ಕೌಶಲ, ಕಪ್ಪುಹಲಗೆ ಬಳಕೆಯ ಕೌಶಲ ಎಂದು ಒಂದೊಂದನ್ನೂ ಬಿಡಿಸಿ ಸೂಕ್ಷ್ಮ ಬೋಧನೆಯಲ್ಲಿ ಕಲಿಸುತ್ತೇವೆ. ಪಾಠ ಬಿದ್ದುಹೋದ ಮೇಲೆ ಮತ್ತೆ ಎದ್ದು ತರಗತಿಯ ಮುಂದೆ ನಿಲ್ಲುವುದನ್ನು ಮಾತ್ರ ಅವರವರ ಪಾಡಿಗೆ ಬಿಟ್ಟುಬಿಡುತ್ತೇವೆ. ಶಿಕ್ಷಣದ ತತ್ತ್ವಶಾಸ್ತ್ರ ಎಂಬ ಪತ್ರಿಕೆ ಇದ್ದೇ ಇದೆ. ಆದರೆ ಆದರ್ಶವಾದ, ನಿಸರ್ಗವಾದಗಳ ಲಕ್ಷಣಗಳನ್ನು ಹತ್ತು ಅಂಕಕ್ಕೆ ಬರೆದವರಲ್ಲಿ ಎಷ್ಟು ಜನ ಅದನ್ನು ಇಂಥ ಒಂದು ಮಧ್ಯಾಹ್ನ ನೆನಪಿಸಿಕೊಳ್ಳುತ್ತಾರೆ?

ತತ್ತ್ವಶಾಸ್ತ್ರವನ್ನು ದಿನನಿತ್ಯದ ಸಾಧನೆಯಾಗಿಯೇ ಕಲಿಸಿದ ಒಂದು ಪರಂಪರೆ ಗ್ರೀಸ್ ಮತ್ತು ರೋಮ್‌ಗಳಲ್ಲಿ ಇತ್ತು. ಅದೇ ಸ್ಟೋಯಿಕ್ ದರ್ಶನ. ಅದರ ಅತ್ಯಂತ ಪ್ರಭಾವಶಾಲಿ ಪ್ರತಿನಿಧಿಗಳಲ್ಲಿ ಒಬ್ಬನು ವೃತ್ತಿಯಿಂದ ಶಿಕ್ಷಕ. ಅವನ ತರಗತಿಯ ಟಿಪ್ಪಣಿಗಳೇ ಇಂದಿಗೂ ನಮಗೆ ಉಳಿದಿವೆ. ಆ ದರ್ಶನ ಏನು ಹೇಳುತ್ತದೆ, ಅದರಲ್ಲಿ ನಮ್ಮ ಅಭ್ಯಾಸ ಬೋಧನೆಗೆ ಒದಗುವುದು ಯಾವುದು, ಎಲ್ಲಿ ಎಚ್ಚರ ಬೇಕು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಕಂಬಸಾಲಿನ ಕೆಳಗೆ ಹುಟ್ಟಿದ ದರ್ಶನ

ಕ್ರಿ.ಪೂ. 300ರ ಸುಮಾರಿಗೆ ಸೈಪ್ರಸ್ ದ್ವೀಪದ ಸೀಟಿಯಮ್ ಊರಿನ ಜೀನೋ ಎಂಬುವನು ಅಥೆನ್ಸ್‌ನ ಮಾರುಕಟ್ಟೆಯ ಬದಿಯಲ್ಲಿದ್ದ ಚಿತ್ರಗಳ ಕಂಬಸಾಲಿನಲ್ಲಿ ಪಾಠ ಹೇಳತೊಡಗಿದ. ಗ್ರೀಕ್ ಭಾಷೆಯಲ್ಲಿ ಕಂಬಸಾಲಿನ ಪಡಸಾಲೆಗೆ 'ಸ್ಟೋಆ' ಎಂದು ಹೆಸರು. ಅಲ್ಲಿ ಸೇರುತ್ತಿದ್ದವರು ಸ್ಟೋಯಿಕರಾದರು. ಬದುಕಿನಲ್ಲಿ ನಿಜವಾಗಿ ಒಳ್ಳೆಯದು ಎನ್ನಬಹುದಾದದ್ದು ಸದ್ಗುಣ ಒಂದೇ ಎಂಬುದು ಅವರ ತಿರುಳಾದ ಮಾತು. ಆ ಸದ್ಗುಣಕ್ಕೆ ನಾಲ್ಕು ಮುಖ: ವಿವೇಕ, ಧೈರ್ಯ, ನ್ಯಾಯ, ಸಂಯಮ. ಹಣ, ಆರೋಗ್ಯ, ಕೀರ್ತಿ ಬೇಡವೆಂದು ಅವರು ಹೇಳಲಿಲ್ಲ. ಅವು ಸಿಕ್ಕರೆ ಒಳಿತು, ಅವುಗಳಿಗಾಗಿ ಪ್ರಯತ್ನಿಸುವುದೂ ಸರಿ. ಆದರೆ ಅವು ಇದ್ದ ಮಾತ್ರಕ್ಕೆ ಮನುಷ್ಯ ಒಳ್ಳೆಯವನಾಗುವುದಿಲ್ಲ, ಇಲ್ಲದ ಮಾತ್ರಕ್ಕೆ ಕೆಟ್ಟವನೂ ಆಗುವುದಿಲ್ಲ ಎಂದರು. ಅಭ್ಯಾಸ ಬೋಧನೆಯ ಆಂತರಿಕ ಅಂಕಗಳನ್ನೂ ಇದೇ ಸಾಲಿಗೆ ಸೇರಿಸಿಕೊಳ್ಳಬಹುದು.

ರೋಮ್‌ನಲ್ಲಿ ಈ ದರ್ಶನ ಮೂವರು ಬೇರೆ ಬೇರೆ ಬಗೆಯ ಜನರ ಕೈಗೆ ಬಂತು. ಸೆನೆಕ ಶ್ರೀಮಂತ, ರಾಜಕಾರಣಿ, ನೀರೋನ ಗುರು. ಎಪಿಕ್ಟೀಟಸ್ ಗುಲಾಮನಾಗಿದ್ದವನು. ಮಾರ್ಕಸ್ ಆರೇಲಿಯಸ್ ಕ್ರಿ.ಶ. 161ರಿಂದ 180ರವರೆಗೆ ರೋಮ್ ಸಾಮ್ರಾಜ್ಯವನ್ನು ಆಳಿದ ಚಕ್ರವರ್ತಿ. ಗುಲಾಮನಾಗಿದ್ದವನ ಪಾಠವನ್ನು ಚಕ್ರವರ್ತಿ ಓದಿ ತಿದ್ದಿಕೊಂಡ ಎಂಬುದೇ ಈ ಪರಂಪರೆಯ ದೊಡ್ಡ ವಿಶೇಷ.

ಗುಲಾಮನಾಗಿದ್ದ ಗುರು

ಎಪಿಕ್ಟೀಟಸ್ ಹುಟ್ಟಿದ್ದು ಕ್ರಿ.ಶ. 50ರ ಸುಮಾರಿಗೆ, ಇಂದಿನ ಟರ್ಕಿಯಲ್ಲಿರುವ ಹೈರಾಪೊಲಿಸ್‌ನಲ್ಲಿ. ಕಾಲು ಕುಂಟು. ರೋಮ್‌ನಲ್ಲಿ ಎಪಫ್ರೊಡಿಟಸ್ ಎಂಬ ಧಣಿಯ ಗುಲಾಮನಾಗಿದ್ದ. ಗುಲಾಮನಾಗಿರುವಾಗಲೇ ಮುಸೋನಿಯಸ್ ರೂಫಸ್ ಎಂಬ ಸ್ಟೋಯಿಕ್ ಗುರುವಿನ ಪಾಠ ಕೇಳಿದ. ಈ ಮುಸೋನಿಯಸ್‌ನನ್ನು ಶಿಕ್ಷಕರಾದ ನಾವು ಒಂದು ಕಾರಣಕ್ಕೆ ನೆನಪಿಡಬೇಕು: ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಶಿಕ್ಷಣ ಕೊಡಬೇಕು, ಹೆಂಗಸರೂ ತತ್ತ್ವಶಾಸ್ತ್ರ ಕಲಿಯಬೇಕು ಎಂದು ಅಂದೇ ವಾದಿಸಿದವನು ಅವನು.

ಮುಂದೆ ಬಿಡುಗಡೆ ಪಡೆದ ಎಪಿಕ್ಟೀಟಸ್ ರೋಮ್‌ನಲ್ಲಿ ತಾನೂ ಪಾಠ ಹೇಳತೊಡಗಿದ. ಡೊಮಿಷಿಯನ್ ಚಕ್ರವರ್ತಿ ತತ್ತ್ವಜ್ಞರನ್ನೆಲ್ಲ ಗಡೀಪಾರು ಮಾಡಿದಾಗ ಗ್ರೀಸ್‌ನ ವಾಯವ್ಯ ಕರಾವಳಿಯ ನಿಕೊಪೊಲಿಸ್‌ಗೆ ಹೋಗಿ ಅಲ್ಲಿ ಶಾಲೆ ತೆರೆದ. ಅವನು ತಾನಾಗಿ ಒಂದು ಪುಸ್ತಕವನ್ನೂ ಬರೆಯಲಿಲ್ಲ. ನಮಗೆ ಸಿಕ್ಕಿರುವುದು ಅವನ ಶಿಷ್ಯ ಆರಿಯನ್ ಬರೆದುಕೊಂಡ ಟಿಪ್ಪಣಿಗಳು. ಈ ಆರಿಯನ್‌ನ ಹೆಸರು ಸಮಾಜ ವಿಜ್ಞಾನದ ಪ್ರಶಿಕ್ಷಣಾರ್ಥಿಗಳಿಗೆ ಹೊಸದಲ್ಲ. ಅಲೆಕ್ಸಾಂಡರನ ದಂಡಯಾತ್ರೆಯ ಇತಿಹಾಸವನ್ನೂ, ಮೆಗಸ್ತನೀಸ್ ಮುಂತಾದವರ ಬರಹಗಳನ್ನು ಆಧರಿಸಿ 'ಇಂಡಿಕಾ' ಎಂಬ ಗ್ರಂಥವನ್ನೂ ಬರೆದವನು ಇವನೇ. ಪ್ರಾಚೀನ ಭಾರತದ ವಿದೇಶಿ ಆಧಾರಗಳನ್ನು ಪಾಠ ಮಾಡುವಾಗ ನಾವು ಹೆಸರಿಸುವ ಈ ಇತಿಹಾಸಕಾರ ತನ್ನ ಗುರುವಿನ ಮಾತುಗಳನ್ನು ಎಂಟು ಪುಸ್ತಕಗಳಲ್ಲಿ ದಾಖಲಿಸಿದ್ದ, ನಾಲ್ಕು ಉಳಿದಿವೆ. ಅವುಗಳ ಸಾರವಾಗಿ 53 ಸಣ್ಣ ಅಧ್ಯಾಯಗಳ ಕೈಪಿಡಿಯೊಂದನ್ನೂ ಸಿದ್ಧಪಡಿಸಿದ. ಮಾರ್ಕಸ್ ಆರೇಲಿಯಸ್‌ಗೆ ಅವನ ಗುರು ರಸ್ಟಿಕಸ್ ಎಪಿಕ್ಟೀಟಸ್‌ನ ಮಾತುಗಳ ಪ್ರತಿಯನ್ನು ತನ್ನ ಸಂಗ್ರಹದಿಂದ ಓದಲು ಕೊಟ್ಟಿದ್ದ.

ಅವನ ಬೋಧನಾ ಕ್ರಮ

ಈ ಟಿಪ್ಪಣಿಗಳನ್ನು ಬೋಧನಾ ದೃಷ್ಟಿಯಿಂದ ಓದಿದರೆ ಹಲವು ಸಂಗತಿಗಳು ಕಣ್ಣಿಗೆ ಬೀಳುತ್ತವೆ. ಮೊದಲನೆಯದು, ತರಗತಿಯಲ್ಲಿ ಪ್ರಶ್ನೋತ್ತರವೇ ಹೆಚ್ಚು. ಗುರು ಒಂದು ಸನ್ನಿವೇಶ ಕೊಡುತ್ತಾನೆ, ಶಿಷ್ಯ ಉತ್ತರಿಸುತ್ತಾನೆ, ಆ ಉತ್ತರದೊಳಗಿಂದಲೇ ಮುಂದಿನ ಪ್ರಶ್ನೆ ಹುಟ್ಟುತ್ತದೆ. ಸಾಕ್ರೆಟಿಸ್‌ನ ಜಾಡು ಅದು. ಎರಡನೆಯದು, ಉದಾಹರಣೆಗಳೆಲ್ಲ ದಿನಬಳಕೆಯವು: ಸ್ನಾನಗೃಹ, ಕುಸ್ತಿ, ಹಡಗು, ಔತಣದ ಪಂಕ್ತಿ, ಕಳುವಾದ ದೀಪ. ಮನೆಯ ಕಬ್ಬಿಣದ ದೀಪ ಕಳುವಾದಾಗ ಅವನು ಅದರ ಬದಲಿಗೆ ಮಣ್ಣಿನ ದೀಪ ತರುವ ಯೋಚನೆ ಮಾಡಿ, ಆ ಪ್ರಸಂಗವನ್ನೇ ಪಾಠಕ್ಕೆ ಬಳಸಿಕೊಂಡ.

ಮೂರನೆಯದು ನಮಗೆ ಮುಖ್ಯವಾದದ್ದು. ಓದಿದ್ದನ್ನು ಒಪ್ಪಿಸುವುದಕ್ಕೂ ಅದರಂತೆ ಬದಲಾಗುವುದಕ್ಕೂ ಇರುವ ಅಂತರವನ್ನು ಅವನು ಬಿಡದೆ ಎತ್ತಿ ತೋರಿಸುತ್ತಿದ್ದ. ಹಿರಿಯ ಸ್ಟೋಯಿಕ್ ಲೇಖಕ ಕ್ರಿಸಿಪಸ್‌ನ ಗ್ರಂಥವನ್ನು ಚೆನ್ನಾಗಿ ವಿವರಿಸಬಲ್ಲೆ ಎಂದು ಬೀಗುವ ವಿದ್ಯಾರ್ಥಿ ವ್ಯಾಯಾಮದ ಭಾರಗಳನ್ನು ತೋರಿಸುತ್ತಿರುವ ಕ್ರೀಡಾಪಟುವಿನಂತೆ. ಗುರು ನೋಡಬೇಕಾದದ್ದು ಭಾರಗಳನ್ನಲ್ಲ, ಅವನ ಭುಜಗಳನ್ನು. ಕುರಿ ತಾನು ಮೇಯ್ದ ಹುಲ್ಲನ್ನು ತಂದು ಕುರುಬನಿಗೆ ತೋರಿಸುವುದಿಲ್ಲ, ಉಣ್ಣೆ ಮತ್ತು ಹಾಲು ಕೊಡುತ್ತದೆ ಎಂಬ ಹೋಲಿಕೆಯೂ ಅವನದೇ. ತತ್ತ್ವಶಾಸ್ತ್ರದ ಶಾಲೆ ವೈದ್ಯನ ಕೋಣೆ ಇದ್ದಂತೆ, ಅಲ್ಲಿಂದ ಹೊರಡುವಾಗ ಸ್ವಲ್ಪ ನೋವಾಗಿಯೇ ಇರಬೇಕು ಎಂದೂ ಅವನು ಹೇಳುತ್ತಿದ್ದ. ರಚನಾವಾದ, ಅನುಭವಾಧಾರಿತ ಕಲಿಕೆ ಎಂದು ನಾವು ಇಂದು ಬೇರೆ ಹೆಸರುಗಳಲ್ಲಿ ಚರ್ಚಿಸುವ ಆತಂಕ ಅವನಿಗೂ ಇತ್ತು: ಕಲಿತದ್ದು ನಡೆಗೆ ಇಳಿಯುತ್ತಿದೆಯೇ?

ನಮ್ಮ ಕೈಯಲ್ಲಿ ಇರುವುದು, ಇಲ್ಲದ್ದು

ಎಪಿಕ್ಟೀಟಸ್‌ನ ಕೈಪಿಡಿ ತೆರೆದುಕೊಳ್ಳುವುದೇ ಒಂದು ವಿಂಗಡಣೆಯಿಂದ. ಕೆಲವು ಸಂಗತಿಗಳು ನಮ್ಮ ಅಧೀನ: ನಮ್ಮ ಅಭಿಪ್ರಾಯ, ನಮ್ಮ ಸಂಕಲ್ಪ, ನಾವು ಬಯಸುವುದು ಮತ್ತು ತೊರೆಯುವುದು. ಕೆಲವು ನಮ್ಮ ಅಧೀನವಲ್ಲ: ನಮ್ಮ ದೇಹಕ್ಕೆ ಆಗುವುದು, ಆಸ್ತಿ, ಇತರರ ದೃಷ್ಟಿಯಲ್ಲಿ ನಮ್ಮ ಬೆಲೆ, ಹುದ್ದೆ. ಎರಡನೆಯ ಗುಂಪಿನದನ್ನು ಮೊದಲನೆಯದೆಂದು ತಪ್ಪಾಗಿ ತಿಳಿದಾಗಲೇ ದುಃಖ, ಅಂಜಿಕೆ, ದೂರು ಶುರುವಾಗುತ್ತವೆ.

ಇದನ್ನು ಒಂದು ಅವಧಿಯ ಪಾಠಕ್ಕೆ ಹೊಂದಿಸಿ ನೋಡಿ.

ನಮ್ಮ ಅಧೀನದಲ್ಲಿ ಇರುವವು: ವಿಷಯದ ಸಿದ್ಧತೆ, ಪ್ರಶ್ನೆಗಳನ್ನು ಮೊದಲೇ ಯೋಚಿಸಿ ಬರೆದುಕೊಳ್ಳುವುದು, ತಪ್ಪು ಉತ್ತರ ಕೊಟ್ಟ ಮಗುವಿನ ಕಡೆ ನೋಡುವ ರೀತಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಒಪ್ಪುವುದು, ಪಾಠದ ನಂತರ ತಿದ್ದಿಕೊಳ್ಳುವುದು.

ನಮ್ಮ ಅಧೀನದಲ್ಲಿ ಇಲ್ಲದವು: ಆ ದಿನ ಮಕ್ಕಳು ಯಾವ ಮನಸ್ಥಿತಿಯಲ್ಲಿ ಬಂದಿದ್ದಾರೆ, ಹಿಂದಿನ ಅವಧಿಯ ಶಿಕ್ಷಕರು ಎಷ್ಟು ಹೊತ್ತಿಗೆ ತರಗತಿ ಬಿಟ್ಟುಕೊಟ್ಟರು, ಕರೆಂಟು, ಪಕ್ಕದ ಕೊಠಡಿಯ ಗದ್ದಲ, ವೀಕ್ಷಕರ ಅಭಿಪ್ರಾಯ, ಅಂಕ.

ಇಲ್ಲಿ ಒಂದು ಸಂದೇಹ ಸಹಜ. ಮಕ್ಕಳ ಕಲಿಕೆ ಯಾವ ಪಟ್ಟಿಗೆ ಸೇರುತ್ತದೆ? ಅದು ನಮ್ಮ ಅಧೀನವಲ್ಲ ಎಂದರೆ ಹೊಣೆಗೇಡಿತನವಾಗುವುದಿಲ್ಲವೇ? ಇದಕ್ಕೆ ಸ್ಟೋಯಿಕರ ಬಿಲ್ಲುಗಾರನ ದೃಷ್ಟಾಂತ ಉತ್ತರ ಕೊಡುತ್ತದೆ. ರೋಮ್‌ನ ಲೇಖಕ ಸಿಸೆರೊ ಅದನ್ನು ದಾಖಲಿಸಿದ್ದಾನೆ. ಬಿಲ್ಲುಗಾರ ಗುರಿಯನ್ನು ನೋಡುತ್ತಾನೆ, ನೇರವಾಗಿ ಹೊಡೆಯಲು ಬೇಕಾದುದನ್ನೆಲ್ಲ ಮಾಡುತ್ತಾನೆ. ಬಾಣ ಬಿಟ್ಟ ಮೇಲೆ ಗಾಳಿ ಬೀಸಬಹುದು, ಗುರಿಯೇ ಅಲುಗಬಹುದು. ಗುರಿ ತಾಗಲೆಂದೇ ಅವನು ಹೊಡೆಯುತ್ತಾನೆ. ಆದರೆ ಅವನು ಉತ್ತಮ ಬಿಲ್ಲುಗಾರನೇ ಎಂಬ ನಿರ್ಣಯ ನಿಂತಿರುವುದು ಅವನು ಮಾಡಿದ ಪ್ರಯತ್ನದ ಮೇಲೆ. ಶಿಕ್ಷಕರಿಗೂ ಹಾಗೆಯೇ. ಕಲಿಕೆಯೇ ಗುರಿ, ಅದರಲ್ಲಿ ರಾಜಿಯಿಲ್ಲ. ಮಗು ಕಲಿಯಲಿಲ್ಲವೆಂದರೆ ಮತ್ತೊಂದು ಬಾಣ ಹೂಡಬೇಕು: ಬೇರೆ ಉದಾಹರಣೆ, ಬೇರೆ ಚಟುವಟಿಕೆ. "ನಾನು ಮಾಡಿದ್ದಾಯಿತು" ಎಂದು ಕೈ ತೊಳೆದುಕೊಳ್ಳಲು ಈ ವಿಂಗಡಣೆ ಅವಕಾಶ ಕೊಡುವುದಿಲ್ಲ. "ನಾನು ಯಾವುದಕ್ಕೂ ಬಾರದವಳು" ಎಂದು ಕುಗ್ಗುವುದಕ್ಕೂ ಕೊಡುವುದಿಲ್ಲ.

ಸೆನೆಕನ ಬದುಕೇ ಇದಕ್ಕೆ ಕಹಿಯಾದ ನಿದರ್ಶನ. ಅವನ ವಿದ್ಯಾರ್ಥಿ ನೀರೋ ಕ್ರೂರ ದೊರೆಯಾದ, ಕ್ರಿ.ಶ. 65ರಲ್ಲಿ ಗುರುವಿಗೇ ಆತ್ಮಹತ್ಯೆ ಮಾಡಿಕೊಳ್ಳುವಂತೆ ಆಜ್ಞೆ ಕಳಿಸಿದ. ಗುರು ಕಲಿಸಿದ್ದು ಶಿಷ್ಯನಲ್ಲಿ ಏನಾಗುತ್ತದೆ ಎಂಬುದು ಪೂರ್ತಿ ಗುರುವಿನ ಕೈಯಲ್ಲಿ ಎಂದೂ ಇರುವುದಿಲ್ಲ.

ಫಲದ ಮೇಲೆ ಅಧಿಕಾರವಿಲ್ಲ ಎಂಬ ಮಾತು ಕೇಳಿದ ಕೂಡಲೇ ನಮಗೆ ಗೀತೆಯ ಕರ್ಮಯೋಗ, ಸ್ಥಿತಪ್ರಜ್ಞನ ಲಕ್ಷಣ ನೆನಪಾಗುತ್ತವೆ, ಡಿ.ವಿ.ಜಿ.ಯವರ ಕಗ್ಗವೂ ನೆನಪಾಗಬಹುದು. ಹೋಲಿಕೆ ಇದೆ, ಆದರೆ ಎರಡನ್ನೂ ಒಂದೇ ಎನ್ನುವುದು ಅವಸರದ ಮಾತು. ಗೀತೆಯಲ್ಲಿ ಕರ್ಮವನ್ನು ಭಗವಂತನಿಗೆ ಅರ್ಪಿಸುವ ಮತ್ತು ಮೋಕ್ಷದ ನೆಲೆ ಇದೆ. ಸ್ಟೋಯಿಕರಿಗೆ ವಿಶ್ವವನ್ನು ನಡೆಸುವ ವಿವೇಕದೊಂದಿಗೆ ಹೊಂದಿಕೊಂಡು ಇದೇ ಬದುಕಿನಲ್ಲಿ ಸದ್ಗುಣಿಯಾಗಿ ಬಾಳುವುದೇ ಗುರಿ.

ಘಟನೆ ಬೇರೆ, ನಾವು ಕೊಡುವ ತೀರ್ಪು ಬೇರೆ

ನಮ್ಮನ್ನು ಕಲಕುವುದು ಘಟನೆಗಳಿಗಿಂತ ಅವುಗಳ ಬಗ್ಗೆ ನಾವು ಕೊಟ್ಟುಕೊಳ್ಳುವ ತೀರ್ಪುಗಳು ಎಂಬುದು ಎಪಿಕ್ಟೀಟಸ್‌ನ ಇನ್ನೊಂದು ಮುಖ್ಯ ಪಾಠ. ಶೈಕ್ಷಣಿಕ ಮನೋವಿಜ್ಞಾನ ಓದಿದವರಿಗೆ ಇದರ ಆಧುನಿಕ ರೂಪ ಪರಿಚಿತವೇ. 1950ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಆಲ್ಬರ್ಟ್ ಎಲ್ಲಿಸ್ ರೂಪಿಸಿದ ಚಿಕಿತ್ಸಾ ವಿಧಾನದಲ್ಲಿ ಮೂರು ಹಂತಗಳಿವೆ: ಘಟನೆ, ಅದರ ಬಗೆಗಿನ ನಂಬಿಕೆ, ಅದರಿಂದ ಹುಟ್ಟುವ ಭಾವನೆ ಮತ್ತು ವರ್ತನೆ. ಮೊದಲನೆಯದು ನೇರವಾಗಿ ಮೂರನೆಯದನ್ನು ತರುವುದಿಲ್ಲ, ನಡುವೆ ಎರಡನೆಯದು ಇದೆ. ಎಲ್ಲಿಸ್ ಎಪಿಕ್ಟೀಟಸ್‌ನ ಋಣವನ್ನು ಬಹಿರಂಗವಾಗಿ ಒಪ್ಪಿಕೊಂಡರು. ಅರಿವಿನ ಚಿಕಿತ್ಸೆಯನ್ನು ಬೆಳೆಸಿದ ಆರನ್ ಬೆಕ್ ಕೂಡ ತಮ್ಮ ವಿಧಾನದ ತಾತ್ತ್ವಿಕ ಮೂಲ ಸ್ಟೋಯಿಕರಲ್ಲಿದೆ ಎಂದರು.

ವರಾಂಡದಲ್ಲಿ ನಿಂತಿದ್ದ ಪ್ರಶಿಕ್ಷಣಾರ್ಥಿಯ ಮಾತನ್ನು ಈ ರೀತಿ ಬಿಡಿಸಿ ನೋಡೋಣ.

ಘಟನೆ: ಪೀಠಿಕಾ ಪ್ರಶ್ನೆಗೆ ಉತ್ತರ ಬರಲಿಲ್ಲ. ಒಬ್ಬರು ನಕ್ಕರು. ಎರಡು ಬೋಧನಾಂಶಗಳಷ್ಟೇ ಮುಗಿದವು.

ತೀರ್ಪು: ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲ.

ಪರಿಣಾಮ: ನಾಚಿಕೆ, ನಾಳೆ ತರಗತಿಗೆ ಹೋಗಲು ಹೆದರಿಕೆ.

ಹೀಗೆ ಬರೆದು ನೋಡಿದಾಗ ಘಟನೆಯಿಂದ ತೀರ್ಪಿಗೆ ಹಾರಿದ ದೂರ ಎಷ್ಟೆಂದು ಕಾಣುತ್ತದೆ. ಪ್ರಶ್ನೆ ಮಕ್ಕಳ ಪೂರ್ವಜ್ಞಾನಕ್ಕೆ ಸರಿಹೊಂದಲಿಲ್ಲ ಎಂಬ ತೀರ್ಪೂ ಅದೇ ಘಟನೆಗೆ ಹೊಂದುತ್ತದೆ. ಅದು ಘಟನೆಗೆ ಹೆಚ್ಚು ಹತ್ತಿರವೂ ಹೌದು. ಮೊದಲನೆಯ ತೀರ್ಪಿನಿಂದ ಮಾಡಬಹುದಾದ ಕೆಲಸ ಏನೂ ಇಲ್ಲ. ಎರಡನೆಯದರಿಂದ ಇಂದು ರಾತ್ರಿಯೇ ಮಾಡಬಹುದಾದ ಕೆಲಸವಿದೆ: ಹೊಸ ಪೀಠಿಕಾ ಪ್ರಶ್ನೆ ಬರೆಯುವುದು. ಇದು ಎಲ್ಲವೂ ಚೆನ್ನಾಗಿದೆ ಎಂದು ಮನಸ್ಸಿಗೆ ಹೇಳಿಕೊಳ್ಳುವ ಕಸರತ್ತಲ್ಲ. ಪಾಠ ಸರಿಯಾಗಲಿಲ್ಲ, ಅದು ನಿಜ. ನಿಜವಾದದ್ದನ್ನು ನಿಜವಾದಷ್ಟೇ ಗಾತ್ರದಲ್ಲಿ ನೋಡುವುದು ಇಲ್ಲಿಯ ಅಭ್ಯಾಸ.

ಮೂರು ಸಾಧನೆಗಳು

1. ಬೆಳಗಿನ ಮುನ್ನೋಟ. ಸಾರ್ವಜನಿಕ ಸ್ನಾನಗೃಹಕ್ಕೆ ಹೊರಡುವ ಮುನ್ನ ಅಲ್ಲಿ ಏನೇನು ನಡೆಯುತ್ತದೆಂದು ನೆನಪಿಸಿಕೋ ಎನ್ನುತ್ತಾನೆ ಎಪಿಕ್ಟೀಟಸ್. ಅಲ್ಲಿ ನೀರು ಎರಚುವವರು, ತಳ್ಳುವವರು, ಬೈಯುವವರು, ಕದಿಯುವವರು ಎಲ್ಲರೂ ಇರುತ್ತಾರೆ. ನನಗೆ ಸ್ನಾನವೂ ಆಗಬೇಕು, ನನ್ನ ಮನಸ್ಸಿನ ಸಮತೋಲವೂ ಉಳಿಯಬೇಕು ಎಂದು ಎರಡು ಉದ್ದೇಶ ಇಟ್ಟುಕೊಂಡು ಹೋದರೆ ಅಡ್ಡಿ ಬಂದಾಗ ಎರಡನೆಯದಾದರೂ ಕೈಯಲ್ಲಿ ಉಳಿಯುತ್ತದೆ. ಪ್ರಶಿಕ್ಷಣಾರ್ಥಿಗಳು ಪಾಠಯೋಜನೆಯ ಕೊನೆಯಲ್ಲಿ ಎರಡು ಸಾಲು ಜಾಗ ಬಿಟ್ಟು ಇದನ್ನು ಮಾಡಬಹುದು: ಇಂದು ಬರಬಹುದಾದ ಅಡ್ಡಿ ಯಾವುದು, ಬಂದರೆ ನಾನು ಏನು ಮಾಡುತ್ತೇನೆ. 'ಪ್ರೊಜೆಕ್ಟರ್ ಕೈಕೊಟ್ಟರೆ ಹಲಗೆಯ ಮೇಲೆ ರೇಖಾಚಿತ್ರ.' 'ಯಾರೂ ಉತ್ತರಿಸದಿದ್ದರೆ ಪ್ರಶ್ನೆಯನ್ನು ಎರಡು ತುಂಡು ಮಾಡಿ ಕೇಳುವುದು.' ಅಡ್ಡಿಯನ್ನು ಎಣಿಸಿ ಕಳವಳಪಡುವುದಕ್ಕೂ ಅಡ್ಡಿಗೆ ಉತ್ತರ ಬರೆದಿಟ್ಟುಕೊಳ್ಳುವುದಕ್ಕೂ ವ್ಯತ್ಯಾಸವಿದೆ.

2. ರಾತ್ರಿಯ ಲೆಕ್ಕ. ಸೆನೆಕ ಕೋಪವನ್ನು ಕುರಿತ ತನ್ನ ಗ್ರಂಥದಲ್ಲಿ ತನ್ನದೇ ಒಂದು ರೂಢಿಯನ್ನು ವಿವರಿಸುತ್ತಾನೆ. ದೀಪ ಆರಿಸಿ, ಅವನ ಅಭ್ಯಾಸ ಗೊತ್ತಿದ್ದ ಹೆಂಡತಿ ಸುಮ್ಮನಾದ ಮೇಲೆ, ಅವನು ಇಡೀ ದಿನದ ಮಾತು ಮತ್ತು ನಡೆಯನ್ನು ತನ್ನ ಮುಂದೆಯೇ ವಿಚಾರಣೆಗೆ ತರುತ್ತಿದ್ದ. ಏನನ್ನೂ ಮುಚ್ಚಿಡುತ್ತಿರಲಿಲ್ಲ. ಅವನು ಕೊಡುವ ಉದಾಹರಣೆಯೊಂದು ಶಿಕ್ಷಕರಿಗೆಂದೇ ಹೇಳಿದಂತಿದೆ: ಒಬ್ಬನನ್ನು ತೀರ ನೇರವಾಗಿ ಎಚ್ಚರಿಸಿದ್ದರಿಂದ ಅವನು ತಿದ್ದಿಕೊಳ್ಳುವ ಬದಲು ನೊಂದುಕೊಂಡ, ಇನ್ನು ಮುಂದೆ ಹೇಳುವ ಮಾತು ನಿಜವೇ ಎಂದು ನೋಡುವುದರ ಜೊತೆಗೆ ಕೇಳುವವನಿಗೆ ಅದನ್ನು ತಾಳುವ ಶಕ್ತಿ ಇದೆಯೇ ಎಂದೂ ನೋಡಬೇಕು. ಈ ವಿಚಾರಣೆ ಶಿಕ್ಷೆಯಲ್ಲಿ ಮುಗಿಯುವುದಿಲ್ಲ, ಕ್ಷಮೆಯಲ್ಲಿ ಮುಗಿಯುತ್ತದೆ. ನಮ್ಮ ಪ್ರತಿಫಲನ ದಿನಚರಿ ಇದೇ ಆಗಬೇಕಿತ್ತು. ಆದರೆ 'ಪಾಠ ಚೆನ್ನಾಗಿ ಮೂಡಿಬಂತು, ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು' ಎಂಬ ಒಂದೇ ವಾಕ್ಯ ಹತ್ತು ದಿನಗಳ ಪುಟಗಳಲ್ಲೂ ಇರುವುದನ್ನು ನಾವೆಲ್ಲ ಕಂಡಿದ್ದೇವೆ. ಅದರ ಬದಲು ಮೂರು ಪ್ರಶ್ನೆ ಸಾಕು: ಇಂದು ಎಲ್ಲಿ ತಪ್ಪಿದೆ? ಏನನ್ನು ಸರಿಯಾಗಿ ಮಾಡಿದೆ? ನಾಳೆ ಯಾವ ಒಂದನ್ನು ಬದಲಿಸುತ್ತೇನೆ?

3. ವೃತ್ತಗಳನ್ನು ಒಳಕ್ಕೆ ಎಳೆಯುವುದು. ಕ್ರಿ.ಶ. ಎರಡನೆಯ ಶತಮಾನದ ಸ್ಟೋಯಿಕ್ ಹೈರೊಕ್ಲಿಸ್ ಮನುಷ್ಯನ ಸಂಬಂಧಗಳನ್ನು ಒಂದರ ಹೊರಗೊಂದು ಇರುವ ವೃತ್ತಗಳಾಗಿ ವರ್ಣಿಸಿದ. ನಡುವೆ ನಾನು, ಆಮೇಲೆ ತಂದೆ ತಾಯಿ, ಒಡಹುಟ್ಟಿದವರು, ಹೆಂಡತಿ ಮಕ್ಕಳು, ಬಳಿಕ ಬಂಧುಗಳು, ಊರಿನವರು, ನಾಡಿನವರು, ಕೊನೆಗೆ ಇಡೀ ಮನುಕುಲ. ಹೊರಗಿನ ವೃತ್ತದವರನ್ನು ಒಂದೊಂದು ಹೆಜ್ಜೆ ಒಳಕ್ಕೆ ತಂದುಕೊಳ್ಳುವುದೇ ಸಾಧನೆ ಎಂದ. ತರಗತಿಯಲ್ಲಿ ಇದಕ್ಕೆ ತಕ್ಷಣದ ಬಳಕೆಯಿದೆ. ವಾರಕ್ಕೊಮ್ಮೆ, ಹೆಸರೇ ನೆನಪಿಗೆ ಬಾರದ ಮೂವರು ಮಕ್ಕಳು ಯಾರು ಎಂದು ಹಾಜರಿ ಪಟ್ಟಿ ನೋಡಿ ಗುರುತು ಹಾಕಿಕೊಳ್ಳಿ. ಮುಂದಿನ ವಾರ ಆ ಮೂವರನ್ನು ಹೆಸರು ಹಿಡಿದು ಮಾತನಾಡಿಸಿ.

ಬದುಕಿನ ಅರ್ಥ ಎಂಬ ಪ್ರಶ್ನೆ

ಈ ಮೂರನೆಯ ಸಾಧನೆ ನಮ್ಮನ್ನು ಅರ್ಥದ ಪ್ರಶ್ನೆಗೆ ತರುತ್ತದೆ. ಮನಸ್ಸು ಗಟ್ಟಿಮಾಡಿಕೊಂಡರೆ ಸಾಲದು, ಯಾವುದಕ್ಕಾಗಿ ಗಟ್ಟಿ ಎಂಬುದೂ ಗೊತ್ತಿರಬೇಕು. ಎಪಿಕ್ಟೀಟಸ್ ಇದನ್ನು ಪಾತ್ರಗಳ ಮೂಲಕ ವಿವರಿಸುತ್ತಾನೆ. ನೀನು ಮೊದಲು ಮನುಷ್ಯ, ಜಗತ್ತಿನ ಪ್ರಜೆ. ಆಮೇಲೆ ಯಾರದೋ ಮಗ, ಯಾರದೋ ಅಣ್ಣ ಅಥವಾ ತಮ್ಮ, ಒಂದು ಊರಿನ ಹೊಣೆ ಹೊತ್ತವನು. ಒಂದೊಂದು ಪಾತ್ರವೂ ತನ್ನ ಕರ್ತವ್ಯವನ್ನು ತಾನೇ ತಿಳಿಸುತ್ತದೆ. ನಾಟಕದಲ್ಲಿ ಯಾವ ಪಾತ್ರ ಸಿಗುತ್ತದೆ, ಎಷ್ಟು ಉದ್ದದ ಪಾತ್ರ ಎಂಬುದನ್ನು ನಟ ನಿರ್ಧರಿಸುವುದಿಲ್ಲ. ಸಿಕ್ಕ ಪಾತ್ರವನ್ನು ಚೆನ್ನಾಗಿ ಅಭಿನಯಿಸುವುದು ಅವನ ಕೆಲಸ.

ಬಿ.ಇಡಿ.ಗೆ ಬಂದವರೆಲ್ಲ ಶಿಕ್ಷಕರಾಗಬೇಕೆಂಬ ಕನಸಿನಿಂದಲೇ ಬಂದಿರುವುದಿಲ್ಲ. ಬೇರೆಲ್ಲೂ ಸೀಟು ಸಿಗದೆ ಬಂದವರು, ಮನೆಯವರ ಒತ್ತಾಯಕ್ಕೆ ಬಂದವರು, ಸರ್ಕಾರಿ ನೇಮಕಾತಿಗೆ ಕಾಯುವ ದಾರಿಯಲ್ಲಿ ಬಂದವರೂ ಇರುತ್ತಾರೆ. ಅವರಿಗೆ 'ಶಿಕ್ಷಕ ವೃತ್ತಿ ಪವಿತ್ರವಾದುದು' ಎಂಬ ಭಾಷಣ ಮುಟ್ಟುವುದಿಲ್ಲ. ಆಯ್ಕೆ ಮಾಡಿಕೊಳ್ಳದ ಪಾತ್ರವನ್ನೂ ಚೆನ್ನಾಗಿ ನಿರ್ವಹಿಸಿದಾಗ ಅದರಲ್ಲಿ ಅರ್ಥ ಹುಟ್ಟಬಹುದು ಎಂಬ ಮಾತು ಮುಟ್ಟಬಹುದು. ಅರ್ಥ ಎಲ್ಲೋ ಮೊದಲೇ ಇಟ್ಟಿರುವ ವಸ್ತುವಲ್ಲ. ಭಿನ್ನರಾಶಿ ಅರ್ಥವಾಗದ ಮಗುವಿನ ಪಕ್ಕ ಕುಳಿತು ರೊಟ್ಟಿ ಹರಿದು ತೋರಿಸಿದಾಗ, ಆ ಮಗುವಿನ ಮುಖದಲ್ಲಿ ಗೊತ್ತಾಯಿತು ಎಂಬ ಬೆಳಕು ಬಂದಾಗ ಅದು ಎದುರಿಗೆ ಬರುತ್ತದೆ.

ಈ ದರ್ಶನ ತೀರ ಕಠಿಣವಾದ ಪರಿಸ್ಥಿತಿಯಲ್ಲಿಯೂ ಒಬ್ಬರಿಗೆ ಆಸರೆಯಾದ ದಾಖಲೆಯಿದೆ. ಅಮೆರಿಕದ ನೌಕಾಪಡೆಯ ವಿಮಾನ ಚಾಲಕ ಜೇಮ್ಸ್ ಸ್ಟಾಕ್‌ಡೇಲ್ ಅವರ ವಿಮಾನವನ್ನು 1965ರ ಸೆಪ್ಟೆಂಬರ್ 9ರಂದು ಉತ್ತರ ವಿಯೆಟ್ನಾಂನಲ್ಲಿ ಹೊಡೆದುರುಳಿಸಲಾಯಿತು. ಏಳು ವರ್ಷಕ್ಕೂ ಹೆಚ್ಚು ಕಾಲ ಅವರು ಸೆರೆಯಲ್ಲಿ ಚಿತ್ರಹಿಂಸೆ ಅನುಭವಿಸಿದರು. ಅದಕ್ಕೆ ಕೆಲವು ವರ್ಷ ಮೊದಲು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಅಧ್ಯಾಪಕರೊಬ್ಬರು ಅವರ ಕೈಗೆ ಎಪಿಕ್ಟೀಟಸ್‌ನ ಕೈಪಿಡಿಯನ್ನು ಕೊಟ್ಟಿದ್ದರು. ಸೆರೆಮನೆಯಲ್ಲಿ ತಮ್ಮನ್ನು ಕಾದದ್ದು ಆ ಪುಸ್ತಕ ಎಂದು ಅವರು ಮುಂದೆ ಬರೆದರು. ಒಬ್ಬ ಅಧ್ಯಾಪಕರು ತರಗತಿಯ ಕೊನೆಯಲ್ಲಿ ಕೊಟ್ಟ ಪುಸ್ತಕ ಯಾರಿಗೆ ಯಾವಾಗ ಬೇಕಾಗುತ್ತದೆಂದು ಆ ದಿನ ಯಾರಿಗೆ ಗೊತ್ತಿತ್ತು?

ಎಚ್ಚರಿಕೆಯ ಮಾತುಗಳು

ಯಾವ ದರ್ಶನವನ್ನೂ ತರಗತಿಗೆ ತರುವ ಮುನ್ನ ಅದರ ಮಿತಿಯನ್ನು ತಿಳಿದಿರಬೇಕು. ಮೊದಲನೆಯದಾಗಿ, ಸಹನೆಯನ್ನು ಅನ್ಯಾಯದ ಸಮರ್ಥನೆಗೆ ಬಳಸಬಾರದು. ಗುಲಾಮರೂ ನಮ್ಮಂತೆಯೇ ಮನುಷ್ಯರು ಎಂದು ಸೆನೆಕ ಬರೆದ. ಆದರೆ ಗುಲಾಮಗಿರಿಯನ್ನೇ ತೆಗೆಯಬೇಕೆಂಬ ಚಳವಳಿಯನ್ನು ಸ್ಟೋಯಿಕರು ಕಟ್ಟಲಿಲ್ಲ. ಅದು ಈ ದರ್ಶನದ ದೊಡ್ಡ ಕೊರತೆ. ಹೊಡೆತ ತಿಂದ ಮಗುವಿಗೆ, ಜಾತಿಯ ಹೆಸರಿನಲ್ಲಿ ಹೀಯಾಳಿಸಲ್ಪಟ್ಟ ಮಗುವಿಗೆ 'ಘಟನೆ ನಿನ್ನ ಕೈಯಲ್ಲಿಲ್ಲ, ತೀರ್ಪು ಬದಲಿಸಿಕೋ' ಎಂದು ಹೇಳುವುದು ಕ್ರೌರ್ಯ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಅಲ್ಲಿ ಶಿಕ್ಷಕರು ಮಾಡಬೇಕಾದದ್ದು ತಡೆಯುವ, ದೂರು ಕೊಡುವ ಕೆಲಸ. ನ್ಯಾಯವೂ ನಾಲ್ಕು ಸದ್ಗುಣಗಳಲ್ಲಿ ಒಂದು ಎಂಬುದನ್ನು ಮರೆತರೆ ಉಳಿಯುವುದು ಅರ್ಧ ಸ್ಟೋಯಿಕ್ ದರ್ಶನ.

ಎರಡನೆಯದಾಗಿ, ಈ ಸಾಧನೆಗಳನ್ನು ಮೊದಲು ನಮಗೆ ನಾವು ಅನ್ವಯಿಸಿಕೊಳ್ಳಬೇಕು. ಸಂಬಳ ತಡವಾದ ಸಹೋದ್ಯೋಗಿಗೆ, ಮನೆಯಲ್ಲಿ ಕಷ್ಟವಿರುವ ಪ್ರಶಿಕ್ಷಣಾರ್ಥಿಗೆ ಉಪದೇಶವಾಗಿ ಕೊಟ್ಟರೆ ಅದು ಅವರ ಮೇಲೆ ಇನ್ನೊಂದು ಹೊರೆಯಾಗುತ್ತದೆ.

ಮೂರನೆಯದಾಗಿ, ಭಾವನೆಗಳನ್ನು ಅದುಮಿಡುವುದು ಈ ದರ್ಶನದ ಉದ್ದೇಶವಲ್ಲ. ಹಲವು ವಾರಗಳಿಂದ ನಿದ್ದೆ, ಊಟ ತಪ್ಪಿ, ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ ಅದಕ್ಕೆ ಬೇಕಾದದ್ದು ಆಪ್ತಸಮಾಲೋಚಕರು ಮತ್ತು ವೈದ್ಯರು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಉಚಿತವಾಗಿ ನೆರವು ಸಿಗುತ್ತದೆ. ಈ ಸಂಖ್ಯೆ ಪ್ರತಿ ಪ್ರಶಿಕ್ಷಣ ಕಾಲೇಜಿನ ಸೂಚನಾ ಫಲಕದಲ್ಲಿ ಇರಲಿ.

ಕೆಂಪು ಶಾಯಿ ಹಿಡಿದವರಿಗೆ

ಇಷ್ಟೂ ಮಾತು ಪ್ರಶಿಕ್ಷಣಾರ್ಥಿಗಳ ಕಡೆಗೆ ಆಯಿತು. ವೀಕ್ಷಕರಾದ ನಮಗೂ ಒಂದು ಪಾಠವಿದೆ. ಮಾರ್ಕಸ್ ಆರೇಲಿಯಸ್ ತನಗಾಗಿಯೇ ಗ್ರೀಕ್ ಭಾಷೆಯಲ್ಲಿ ಬರೆದುಕೊಂಡ ಟಿಪ್ಪಣಿ ಪುಸ್ತಕದ ಮೊದಲ ಭಾಗ ಪೂರ್ತಿ ಕೃತಜ್ಞತೆಯ ಪಟ್ಟಿ. ತಾತನಿಂದ, ತಾಯಿಯಿಂದ, ಒಬ್ಬೊಬ್ಬ ಗುರುವಿನಿಂದ ತಾನು ಏನು ಕಲಿತೆ ಎಂದು ಅಲ್ಲಿ ಬರೆದಿದ್ದಾನೆ. ಅದರಲ್ಲಿ ಅಲೆಕ್ಸಾಂಡರ್ ಎಂಬ ವ್ಯಾಕರಣ ಗುರುವಿನ ಹೆಸರಿದೆ. ಅವನಿಂದ ಕಲಿತದ್ದು ವ್ಯಾಕರಣ ಸೂತ್ರವೆಂದು ಚಕ್ರವರ್ತಿ ಬರೆಯಲಿಲ್ಲ. ಯಾರಾದರೂ ಮಾತಿನಲ್ಲಿ ತಪ್ಪು ಪದ ಬಳಸಿದಾಗ ಎತ್ತಿ ಆಡದೆ, ತನ್ನ ಉತ್ತರದಲ್ಲಿಯೇ ಸರಿಯಾದ ಪದವನ್ನು ಸಹಜವಾಗಿ ಸೇರಿಸಿ ತಿದ್ದುವುದನ್ನು ಕಲಿತೆ ಎಂದು ಬರೆದ. ಸಾಮ್ರಾಜ್ಯ ಆಳಿದವನಿಗೆ ಕೊನೆಗೂ ನೆನಪಿನಲ್ಲಿ ಉಳಿದದ್ದು ಗುರು ತಪ್ಪನ್ನು ತಿದ್ದಿದ ರೀತಿ.

ಇದನ್ನು ಓದಿದ ಮೇಲೆ ನಾನು ನನ್ನ ಹನ್ನೊಂದು ಟಿಪ್ಪಣಿಗಳನ್ನು ಮತ್ತೆ ನೋಡಿದೆ. ಒಂದೂ ಸುಳ್ಳಾಗಿರಲಿಲ್ಲ. ಆದರೆ ಎಂಟು ಟಿಪ್ಪಣಿಗಳು ಅಂದೇ ಹೇಳಬೇಕಾದವೂ ಆಗಿರಲಿಲ್ಲ. ಉಳಿದ ಮೂರರಲ್ಲಿಯೂ ಮುಂದೆ ಏನು ಮಾಡಬೇಕೆಂಬ ಸೂಚನೆ ಇರಲಿಲ್ಲ. ಈಗ ನಾನು ಪ್ರತಿ ಪಾಠಕ್ಕೆ ಮೂರೇ ಸಾಲು ಬರೆಯುತ್ತೇನೆ: ಉಳಿಸಿಕೊಳ್ಳಬೇಕಾದದ್ದು ಒಂದು, ಬದಲಿಸಬೇಕಾದದ್ದು ಒಂದು, ಹೇಗೆ ಬದಲಿಸಬಹುದು ಎಂಬುದು ಒಂದು. ಬದಲಿಸಬೇಕಾದದ್ದು ಪ್ರಶಿಕ್ಷಣಾರ್ಥಿಯ ಅಧೀನದಲ್ಲಿ ಇರುವಂಥದ್ದೇ ಎಂದು ಬರೆಯುವ ಮುನ್ನ ನೋಡಿಕೊಳ್ಳುತ್ತೇನೆ.

ಆ ಪ್ರಶಿಕ್ಷಣಾರ್ಥಿ ಮಾರನೆಯ ದಿನ ಅದೇ ತರಗತಿಗೆ ಹೋದಳು. ಪೀಠಿಕಾ ಪ್ರಶ್ನೆಯನ್ನು ಬದಲಿಸಿಕೊಂಡಿದ್ದಳು. ಎರಡು ಕೈಗಳು ಮೇಲೆದ್ದವು. ಪಾಠ ಅಂದೂ ಪೂರ್ತಿ ಮುಗಿಯಲಿಲ್ಲ. ಆದರೆ ಅಂದು ಆಕೆ ಹಲಗೆಯ ಕಡೆ ತಿರುಗಿ ನಿಲ್ಲಲಿಲ್ಲ, ಮಕ್ಕಳ ಕಡೆ ನೋಡುತ್ತಿದ್ದಳು.

ಚರ್ಚೆಗೆ

1. ನಿಮ್ಮ ಕಳೆದ ವಾರದ ಒಂದು ಪಾಠವನ್ನು ಘಟನೆ, ತೀರ್ಪು, ಪರಿಣಾಮ ಎಂದು ಮೂರು ಭಾಗ ಮಾಡಿ ಬರೆಯಿರಿ. ಅದೇ ಘಟನೆಗೆ ಹೊಂದುವ ಮತ್ತೊಂದು ತೀರ್ಪು ಯಾವುದು?

2. ಮಕ್ಕಳ ಕಲಿಕೆಯ ಫಲಿತಾಂಶಕ್ಕೆ ಶಿಕ್ಷಕರ ಹೊಣೆ ಎಷ್ಟು? ಬಿಲ್ಲುಗಾರನ ದೃಷ್ಟಾಂತ ನಿಮಗೆ ಒಪ್ಪಿಗೆಯೇ? ಇಲ್ಲವಾದರೆ ಏಕೆ?

3. ಸಹಿಸಿಕೊಳ್ಳಬೇಕಾದದ್ದು ಮತ್ತು ಪ್ರತಿಭಟಿಸಬೇಕಾದದ್ದು, ಇವೆರಡನ್ನು ಶಾಲೆಯ ಸಂದರ್ಭದಲ್ಲಿ ಹೇಗೆ ಬೇರ್ಪಡಿಸುತ್ತೀರಿ? ಒಂದೊಂದು ಉದಾಹರಣೆ ಕೊಡಿ.

4. ನಿಮ್ಮ ಶಿಕ್ಷಕರಲ್ಲಿ ಒಬ್ಬರು ನಿಮ್ಮ ತಪ್ಪನ್ನು ತಿದ್ದಿದ ರೀತಿಯನ್ನು ನೆನಪಿಸಿಕೊಂಡು ಐದು ಸಾಲು ಬರೆಯಿರಿ.